ತಾಯಿಗಿಡವನ್ನೇ ಕೊಸರು ಮಾಡಿಕೊಂಡವರು

೨೦೦೩ನೇ ಇಸವಿಯ ಮಾತು. ಸಂಕ್ರಾಂತಿ ಕಳೆದ ಮೇಲಿನ ಮೊದಲ ಭಾನುವಾರ. ಬೆಳಿಗ್ಗೆ ಆರೂವರೆಗೆ ಸರಿಯಾಗಿ ನಮ್ಮ ಬಡಾವಣೆಯ ಮಹಿಳಾ ಮಂಡಳಿಯವರೆಲ್ಲ ಶಿವಮೊಗ್ಗದ ನಮ್ಮ ಮನೆಯ ಮುಂದೆ ಸೇರಬೇಕೆಂದು ಹಿಂದಿನ ದಿನವೇ ಮನೆಮನೆಗೆ ಹೋಗಿ ಹೇಳಿ ಬಂದಿದ್ದೆ. ಆರೂವರೆಗೆ ಅಲ್ಲಿ ಇದ್ದದ್ದು ನಾನು, ಬಾಡಿಗೆಯ ಮೆಟಡೋರ್, ಅದರ ಡ್ರೈವರ್ ಮತ್ತು ಬೀದಿಯ ಒಂದು ನಾಯಿ.

ನಾನು ಭದ್ರಾವತಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿಯಾಗಿದ್ದವಳು. ಆಗಿನ ಭದ್ರಾವತಿ ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಣ್ಣುತ್ತಿದ್ದ ಊರು. ಅಲ್ಲಿ ಬದುಕಿದವರಿಗೆ ಗಡಿಯಾರವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನಿವೃತ್ತಿಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆಯೂ ನಾನು ಐದಕ್ಕೆ ಏಳುತ್ತೇನೆ, ಡ್ರಿಲ್ಲಿನ ಸೀಟಿಯನ್ನು ಕೈಚೀಲದಲ್ಲಿ ಇಟ್ಟುಕೊಂಡೇ ಓಡಾಡುತ್ತೇನೆ. ಕತ್ತಲಲ್ಲಿ ಒಬ್ಬಳೇ ಬರುವಾಗ ಒಳ್ಳೆಯದೆಂದು ಕೇಳಿದವರಿಗೆ ಹೇಳುತ್ತೇನೆ. ನಿಜ ಹೇಳಬೇಕೆಂದರೆ ಅದಿಲ್ಲದಿದ್ದರೆ ಚೀಲ ಖಾಲಿ ಅನ್ನಿಸುತ್ತದೆ.

ಆ ದಿನದ ಪ್ರಯಾಣಕ್ಕೆ ಕಾರಣ ನನ್ನ ಹಳೆಯ ವಿದ್ಯಾರ್ಥಿನಿ ಗಿರಿಜಾ. ಶಾಲೆಯಲ್ಲಿ ಎಂಟುನೂರು ಮೀಟರ್ ಓಡುತ್ತಿದ್ದಳು. ಮೊದಲ ಸುತ್ತಿನಲ್ಲಿ ಎಲ್ಲರಿಗಿಂತ ಹಿಂದೆ ಇದ್ದು, ಕೊನೆಯ ಸುತ್ತಿಗೆ ಉಸಿರು ಉಳಿಸಿಕೊಳ್ಳುವುದು ಅವಳಿಗೆ ಯಾರೂ ಹೇಳಿಕೊಡದೆ ಬಂದಿತ್ತು. ಮದುವೆಯಾಗಿ ಹೊಳೆಹೊನ್ನೂರಿನ ಹತ್ತಿರದ ಹಳ್ಳಿಯ ರೈತರ ಮನೆ ಸೇರಿದ್ದಳು. ಹಬ್ಬದ ಹಿಂದಿನ ವಾರ ಫೋನ್ ಮಾಡಿದಳು.

"ಟೀಚರ್, ಆಸ್ಪರಾಗಸ್ ಅಂತ ತರಕಾರಿ ಕೇಳಿದೀರಾ?"

ಕೇಳಿರಲಿಲ್ಲ. ನಾವು ಬೇರಿಗಾಗಿ ಅಗೆಯುವ ಶತಾವರಿಯ ಹತ್ತಿರದ ನೆಂಟನಂತೆ. ಇದರಲ್ಲಿ ತಿನ್ನುವುದು ಬೇರನ್ನಲ್ಲ, ಬಿದಿರಿನ ಕಳಲೆಯ ಹಾಗೆ ನೆಲ ಸೀಳಿಕೊಂಡು ಬರುವ ಎಳೆಯ ಮೊಳಕೆಯನ್ನು. ಬೆಂಗಳೂರಿನ ಕಡೆ ನರ್ಸರಿ ಇಟ್ಟಿದ್ದ ತನ್ನ ತಾಯಿಯ ತಮ್ಮನಿಂದ ಬೀಜ ತರಿಸಿ, ಗಿರಿಜಾ ಅರ್ಧ ಎಕರೆಯಲ್ಲಿ ಬೆಳೆದಿದ್ದಳು. ಎರಡು ವರ್ಷ ಒಂದು ಮೊಳಕೆಯನ್ನೂ ಮುರಿಯದೆ ಬುಡ ಬಲಿಯಲು ಬಿಟ್ಟಿದ್ದಳು. ಈಗ ಮೊದಲ ಕೊಯ್ಲು. ಶಿವಮೊಗ್ಗದ ಮಾರ್ಕೆಟ್ಟಿಗೆ ಒಂದು ಬುಟ್ಟಿ ಕಳಿಸಿ ನೋಡಿದರೆ, ಜನ ಕೈಯಲ್ಲಿ ತಿರುಗಿಸಿ ನೋಡಿ ಅಲ್ಲಿಯೇ ಇಟ್ಟು ಹೋದರಂತೆ. ಸಂಜೆಗೆ ಎಲ್ಲ ಬಾಡಿತ್ತು. ಅದಕ್ಕೇ ಅವಳು ಬೇರೆ ದಾರಿ ಯೋಚಿಸಿದ್ದಳು. ಜನರೇ ಹೊಲಕ್ಕೆ ಬರಲಿ, ತಮ್ಮ ಕೈಯಾರೆ ಕೊಯ್ಯಲಿ, ತಾಜಾ ತರಕಾರಿಯ ರುಚಿ ನೋಡಲಿ.

"ಮಾವನೋರು ಒಪ್ತಾ ಇಲ್ಲ ಟೀಚರ್. ದನ ಮೂಸದೇ ಇರೋದನ್ನ ಜನ ತಿಂತಾರಾ ಅಂತಾರೆ. ಈ ಸಲ ಜನ ಬಂದ್ರೆ ಸರಿ, ಇಲ್ದಿದ್ರೆ ಟ್ರ್ಯಾಕ್ಟರ್ ಹೊಡೆಸಿ ಮೆಕ್ಕೆಜೋಳ ಹಾಕ್ತೀನಿ ಅಂದಿದಾರೆ. ಭಾನುವಾರ ಮಧ್ಯಾಹ್ನ ಹೊಲಕ್ಕೆ ಬಂದು ನೋಡ್ತಾರಂತೆ. ನೀವು ಒಂದಷ್ಟು ಜನಾನ ಕರ್ಕೊಂಡು ಬರ್ತೀರಾ?"

ಅವಳು ಯಾವತ್ತೂ ಏನನ್ನೂ ಕೇಳಿದವಳಲ್ಲ. ನಾನು ಒಪ್ಪಿಕೊಂಡೆ. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಮಂಡಳಿಯ ಅಧ್ಯಕ್ಷೆ ವಿಮಲಕ್ಕ ಏಳೂವರೆಗೆ ಬಂದರು. ಕೂತ ಮೇಲೆ ಚಿತ್ರಾನ್ನದ ಡಬ್ಬಿ ಮರೆತದ್ದು ನೆನಪಾಗಿ ಮತ್ತೆ ಮನೆಗೆ ಹೋದರು. ಎದುರು ಮನೆಯ ರತ್ನ ರೇಷ್ಮೆ ಸೀರೆ ಉಟ್ಟು ಬಂದಳು.

"ಹೊಲಕ್ಕೆ ಹೋಗೋದು ಕಣೇ, ಮದುವೆಗಲ್ಲ," ಎಂದೆ.

"ಸಾಯಂಕಾಲ ವಾರ್ಷಿಕೋತ್ಸವ ಇದೆಯಲ್ಲ ಟೀಚರ್. ಬಂದು ಬದಲಾಯಿಸೋಕೆ ಟೈಮ್ ಎಲ್ಲಿ? ಒಂದೇ ಸಲಕ್ಕೆ ಆಗ್ಲಿ ಅಂತ."

ಆ ದಿನ ಸಂಜೆಯೇ ಮಂಡಳಿಯ ವಾರ್ಷಿಕೋತ್ಸವ. ವೇದಿಕೆ ಅಲಂಕಾರದ ಹೊಣೆ ರತ್ನಳದು. ಹಾಗಾಗಿ ಗಾಡಿ ಹೊರಟ ಮೇಲೆಯೂ ಹೂವಿನ ಅಂಗಡಿಯ ಮುಂದೆ ನಿಲ್ಲಿಸಬೇಕಾಯಿತು. ಗುಲಾಬಿ ಕೊಂಡರು, ಕಾಕಡ ಕೊಂಡರು. ಕೊಂಡದ್ದನ್ನು ಗಾಡಿಯಲ್ಲಿಯೇ ಹಂಚಿಕೊಂಡು ಮುಡಿದರು. ಹೊಳೆಹೊನ್ನೂರಿನ ರಸ್ತೆಯುದ್ದಕ್ಕೂ ಒಂದೇ ದೂರು.

"ಗುಲಾಬಿ ಜೊತೆ ಒಂದು ಎಳೆ ಹಸಿರು ಇಲ್ದಿದ್ರೆ ಏನು ಚೆಂದ ಮಾರಾಯ್ತಿ? ಬೋಳು ಬೋಳು. ಮರುಗ ಆದ್ರೂ ಇಟ್ಟಿದ್ನಾ ಅವ್ನು?"

"ಮರುಗ ಇತ್ತು, ಬಾಡಿತ್ತು. ಕೊಸರು ಕೊಡು ಅಂದ್ರೆ ಮುಖ ತಿರುಗಿಸ್ದ."

ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮೊಳಕೆಯನ್ನು ಬಿಸಿಲೇರುವ ಮುಂಚೆ ಕೊಯ್ಯಬೇಕೆಂದು ಗಿರಿಜಾ ಹೇಳಿದ್ದಳು. ಬಿಸಿಲು ಆಗಲೇ ಮೊಣಕೈ ಸುಡುತ್ತಿತ್ತು.

ಹೊಲದ ಬದುವಿನ ಮೇಲೆ ಗಿರಿಜಾ ಕಾದು ನಿಂತಿದ್ದಳು. ಬೇಲಿಗೆ ತಗಡಿನ ತುಂಡು ಕಟ್ಟಿ ಅದರ ಮೇಲೆ 'ನೀವೇ ಕೊಯ್ದುಕೊಳ್ಳಿ' ಎಂದು ನೀಲಿ ಬಣ್ಣದಲ್ಲಿ ಬರೆದಿದ್ದಳು. ನಮ್ಮನ್ನು ನೋಡಿ ಅವಳ ಮುಖ ಅರಳಿದ್ದನ್ನು ಕಂಡು, ಬೆಳಗಿನಿಂದ ಏರುತ್ತಿದ್ದ ಸಿಟ್ಟು ಸ್ವಲ್ಪ ಇಳಿಯಿತು.

ಹೊಲ ನೋಡಲು ಚೆನ್ನಾಗಿತ್ತು. ಏರಿಸಿದ ಸಾಲುಗಳಲ್ಲಿ ಸೊಂಟದೆತ್ತರದ ಗಿಡಗಳು. ಎಲೆ ಎನ್ನುವ ಹಾಗಿಲ್ಲ. ಹಸಿರು ನೂಲನ್ನು ಎಳೆಎಳೆಯಾಗಿ ಬಿಡಿಸಿ ಗಾಳಿಗೆ ಹಿಡಿದ ಹಾಗೆ. ಅವುಗಳ ಬುಡದಲ್ಲಿ ಅಲ್ಲಲ್ಲಿ ಪೆನ್ಸಿಲ್ ನೆಟ್ಟ ಹಾಗೆ ನೆಟ್ಟಗೆ ನಿಂತ ಮೊಳಕೆಗಳು. ಗಿರಿಜಾ ಎಲ್ಲರಿಗೂ ಒಂದೊಂದು ಸಣ್ಣ ಚಾಕು ಕೊಟ್ಟು, ತಾನೇ ಕೂತು ತೋರಿಸಿದಳು.

"ಗೇಣುದ್ದ ಆಗಿರ್ಬೇಕು, ತುದಿ ಮುಚ್ಚಿರ್ಬೇಕು. ಬುಡದಲ್ಲಿ ಹೀಗೆ ಓರೆಯಾಗಿ ಕೊಯ್ರಿ. ಈ ಎತ್ತರದ ಗಿಡ ಇದಾವಲ್ಲ, ಇವನ್ನ ಮಾತ್ರ ಮುಟ್ಬೇಡಿ ಅಮ್ಮಾ. ಒಂದೊಂದು ಬುಡಕ್ಕೆ ನಾಲ್ಕೈದು ಹೀಗೆ ಬೆಳೆಯೋಕೆ ಬಿಟ್ಟಿದೀನಿ. ಇವು ತಾಯಿ. ಇವು ಬಿಸಿಲು ಕುಡಿದು ಬೇರಿಗೆ ಉಣಿಸ್ತಾವೆ, ಆಗ ಮೊಳಕೆ ಬರುತ್ತೆ. ತಾಯಿ ಹೋದ್ರೆ ಬುಡ ಸೊರಗುತ್ತೆ."

ಎಲ್ಲರೂ ತಲೆಯಾಡಿಸಿದರು. ರತ್ನ ಎಲ್ಲರಿಗಿಂತ ಜೋರಾಗಿ ಆಡಿಸಿದಳು. ನಾನು ಮತ್ತೊಮ್ಮೆ ಕೇಳಿದೆ: "ಏನು ಕೊಯ್ಯಬೇಕು?" "ಮೊಳಕೆ!" "ಏನು ಮುಟ್ಟಬಾರದು?" "ತಾಯಿ!" ಮೂರನೇ ತರಗತಿಯ ಮಕ್ಕಳ ಹಾಗೆ ಒಕ್ಕೊರಲಿನಿಂದ ಹೇಳಿದರು. ಇದಕ್ಕಿಂತ ಹೆಚ್ಚಿಗೆ ಯಾವ ಶಿಕ್ಷಕಿ ಏನು ಮಾಡಬೇಕು, ನೀವೇ ಹೇಳಿ.

ಆಮೇಲೆ ಗಿರಿಜಾ ನನ್ನನ್ನು ಪಂಪ್‌ಹೌಸಿನ ಪಕ್ಕದ ಶೆಡ್ಡಿಗೆ ಕರೆದಳು. ಮಾವನವರಿಗೆಂದು ಆ ಮೊಳಕೆಯ ಪಲ್ಯ ಮಾಡಿ ತಂದಿದ್ದಳು. ಉಪ್ಪು ಸರಿಯಾಗಿದೆಯಾ ಎಂದು ನನಗೆ ರುಚಿ ತೋರಿಸಬೇಕಿತ್ತು. ಡಬ್ಬಿಯ ಮುಚ್ಚಳವನ್ನು ಎರಡು ಸಲ ತೆಗೆದು ಎರಡು ಸಲ ಮುಚ್ಚಿದಳು. ಓಟದ ಗೆರೆಯ ಮೇಲೂ ಹೀಗೆ ಚಡಪಡಿಸಿದವಳಲ್ಲ.

"ಚೆನ್ನಾಗಿದೆ ಕಣೇ," ಎಂದೆ. ನಿಜವಾಗಿಯೂ ಚೆನ್ನಾಗಿತ್ತು. ಎಳೆ ಬಟಾಣಿಯ ಸಿಹಿ, ಕೊನೆಯಲ್ಲಿ ಒಂದು ಚೂರು ಒಗರು. "ಕಾಯಿತುರಿ ಇನ್ನೊಂದು ಹಿಡಿ ಹಾಕಬಹುದಿತ್ತು."

"ಮಾವನೋರು ಬಾಯಲ್ಲಿ ಬೈದ್ರೆ ತಡ್ಕೋತೀನಿ ಟೀಚರ್. ಮಾತಾಡ್ದೆ ಟ್ರ್ಯಾಕ್ಟರ್‌ಗೆ ಹೇಳಿಕಳಿಸ್ತಾರೆ, ಅದೇ ಭಯ."

ಪಲ್ಯದ ಡಬ್ಬಿ ಮುಚ್ಚಿ ಹೊರಗೆ ಬಂದೆವು. ದೂರದಿಂದಲೇ ಏನೋ ಸರಿಯಿಲ್ಲ ಅನ್ನಿಸಿತು. ಸಾಲಿನ ಮಧ್ಯೆ ಓಡಾಡುತ್ತಿದ್ದ ಹೆಂಗಸರ ತಲೆಗಳೆಲ್ಲ ಮೊದಲಿಗಿಂತ ದೊಡ್ಡವಾಗಿದ್ದವು. ಹತ್ತಿರ ಹೋದಾಗ ತಿಳಿಯಿತು. ಪ್ರತಿಯೊಂದು ಜಡೆಯಲ್ಲೂ ಗುಲಾಬಿಯ ಹಿಂದೆ ಆ ಹಸಿರು ನೂಲಿನ ಗರಿ ನವಿಲಿನ ಜುಟ್ಟಿನ ಹಾಗೆ ನಿಂತಿತ್ತು. ವಿಮಲಕ್ಕನ ತುರುಬಿನಲ್ಲಿ ಎರಡು. ರತ್ನ ತಾಯಿಗಿಡಗಳನ್ನು ಬುಡದವರೆಗೂ ಕೊಯ್ದು, ಹುಲ್ಲಿನ ಹೊರೆಯ ಹಾಗೆ ಸೆರಗಿನಲ್ಲಿ ಕಟ್ಟಿ, ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿಕೊಂಡು ಮೆಟಡೋರಿನ ಕಡೆ ಹೊರಟಿದ್ದಳು. ಗಾಡಿಯಲ್ಲಿ ಆಗಲೇ ಎರಡು ಹೊರೆ ಬಿದ್ದಿದ್ದವು. ಮುಂದಿನ ಎರಡು ಸಾಲುಗಳು ಪೂರ್ತಿ ಬೋಳು. ಕೊಯ್ಯಬೇಕಾಗಿದ್ದ ಮೊಳಕೆಗಳು ಮಾತ್ರ ಇದ್ದಲ್ಲಿಯೇ, ತಾಯಿಯಿಲ್ಲದ ಮರಿಗಳ ಹಾಗೆ, ತಲೆಯೆತ್ತಿಕೊಂಡು ನಿಂತಿದ್ದವು.

ನನ್ನ ಕೈ ತಾನಾಗಿಯೇ ಚೀಲಕ್ಕೆ ಹೋಯಿತು. ಸೀಟಿ ಊದಿದೆ. ನಿವೃತ್ತಿಯ ನಂತರ ಅಷ್ಟು ಜೋರಾಗಿ ಊದಿದ್ದು ಅದೇ ಮೊದಲು. ತೆಂಗಿನ ಮರದಿಂದ ಹಕ್ಕಿಗಳು ಹಾರಿದವು. ಮಲಗಿದ್ದ ಡ್ರೈವರ್ ಎದ್ದು ಗಾಡಿ ಸ್ಟಾರ್ಟ್ ಮಾಡಿಬಿಟ್ಟ.

"ಎಲ್ಲರೂ ಬದುವಿನ ಮೇಲೆ ಸಾಲಾಗಿ ನಿಲ್ಲಿ!"

ನಿಂತರು. ಎತ್ತರದ ಪ್ರಕಾರ ನಿಲ್ಲಲಿಲ್ಲ, ಆದರೆ ನಿಂತರು.

"ಏನು ಮುಟ್ಟಬಾರದು ಅಂತ ಹೇಳಿದ್ದು?"

"ತಾಯಿ," ಎಂದು ಯಾರೋ ಮೆಲ್ಲಗೆ ಹೇಳಿದರು.

"ನಿಮ್ಮ ತಲೆಯಲ್ಲಿ ಇರೋದೇನು?"

ವಿಮಲಕ್ಕ ಮುಂದೆ ಬಂದರು. ಅಧ್ಯಕ್ಷೆಯಲ್ಲವೇ. "ಅಲ್ಲ ಟೀಚರೇ, ಅಷ್ಟು ಯಾಕೆ ರೇಗ್ತೀರಿ? ತರಕಾರಿಗೆ ನಾವು ದುಡ್ಡು ಕೊಡ್ತೀವಿ ತಾನೇ? ತರಕಾರಿ ತಗೊಂಡ ಮೇಲೆ ಕೊಸರು ಅಂತ ಒಂದು ಇರುತ್ತಪ್ಪ. ಮಾರ್ಕೆಟ್ನಲ್ಲಿ ಕರಿಬೇವು ಕೇಳಲ್ವಾ, ಕೊತ್ತಂಬರಿ ಕೇಳಲ್ವಾ? ಇಲ್ಲಿ ಅವೆರಡೂ ಇಲ್ಲ. ಸೊಪ್ಪಿನ ಥರ ಇರೋದು ಇದೊಂದೇ."

"ಇನ್ನೂ ತರಕಾರಿಯನ್ನೇ ಕೊಯ್ದಿಲ್ಲವಲ್ಲ!"

"ಮೊದ್ಲು ಕೊಸರು ಆರಿಸ್ಕೊಂಡ್ವಿ. ಆಮೇಲೆ ಬಿಸಿಲಿಗೆ ಬಾಡುತ್ತೆ ಅಂತ."

ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ರತ್ನ ಹೊರೆಯನ್ನು ಬೆನ್ನ ಹಿಂದೆ ಮರೆಮಾಡಲು ನೋಡುತ್ತಿದ್ದಳು. ಅದು ಅವಳಿಗಿಂತ ಅಗಲವಾಗಿತ್ತು.

"ಬಸಳೆ ಕೊಯ್ದಷ್ಟೂ ಚಿಗುರುತ್ತಲ್ಲ ಟೀಚರ್," ಎಂದಳು. "ಬಲಿತಿದ್ದನ್ನ ತೆಗೆದ್ರೆ ಎಳೇದಕ್ಕೆ ಒಳ್ಳೇದಲ್ವಾ? ಆ ಮೊಳಕೆ ನೋಡಿದ್ರೆ ಎಳೇ ಕೂಸಿನ ಬೆರಳಿನ ಥರ ಇದೆ. ಚಾಕು ಹಾಕೋಕೆ ಮನಸ್ಸೇ ಬರ್ಲಿಲ್ಲ."

ಕೂಸಿನ ಮೇಲೆ ಕರುಣೆ ಬಂದು ತಾಯಿಯನ್ನು ಕೊಯ್ದವಳಿಗೆ ಏನು ಹೇಳುವುದು? ಬಾಯಿಗೆ ಬಂದದ್ದನ್ನೆಲ್ಲ ಹೇಳಿಬಿಡುತ್ತಿದ್ದೆನೇನೋ. ಅಷ್ಟರಲ್ಲಿ ಗಿರಿಜಾ ಕಡೆ ಕಣ್ಣು ಹೋಯಿತು. ಅವಳು ಬೋಳಾದ ಸಾಲಿನಲ್ಲಿ ಕೂತು, ಕೆಳಗೆ ಬಿದ್ದಿದ್ದ ಒಂದು ಗಿಡವನ್ನು ಎತ್ತಿ ಅದರ ಬುಡದ ಮೇಲೆ ನೆಟ್ಟಗೆ ಇಟ್ಟು ನೋಡುತ್ತಿದ್ದಳು. ಕೂಡಿಕೊಳ್ಳುವುದಿಲ್ಲವೆಂದು ಅವಳಿಗೆ ಗೊತ್ತಿಲ್ಲದೆ ಇಲ್ಲ.

"ಈ ಎರಡು ಸಾಲಿಗೆ ಈ ವರ್ಷ ಚಾಕು ಹಾಕೋ ಹಾಗಿಲ್ಲ ಟೀಚರ್," ಎಂದಳು. "ಇರೋ ಮೊಳಕೆಗಳನ್ನೆಲ್ಲ ಬೆಳೆಯೋಕೆ ಬಿಟ್ಟು, ಮತ್ತೆ ತಾಯಿ ಮಾಡ್ಬೇಕು. ಅಷ್ಟು ದಿನ ಮಾವನೋರು ಬಿಟ್ರೆ."

ಆಗ ನಾನು ಸೀಟಿಯನ್ನು ಚೀಲಕ್ಕೆ ಹಾಕಿದೆ. ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟ್ರ್ಯಾಕ್ಟರಿನ ವಿಷಯವನ್ನು ಬರುವಾಗ ಗಾಡಿಯಲ್ಲಿ ನಾನೇ ಹೇಳಿದ್ದೆ. ಆಗ ಅವರ ಗಮನ ಕಾಕಡದ ಮೇಲಿತ್ತು. ಈಗ ಅರ್ಥವಾಯಿತು.

ಹೇಳಿ ಕಳಿಸಿದ ಹಾಗೆ ಅದೇ ಹೊತ್ತಿಗೆ ಎಂ-೮೦ ಗಾಡಿಯ ಸದ್ದು ಕೇಳಿತು. ಗಿರಿಜಾಳ ಮಾವ ಚನ್ನಬಸಪ್ಪನವರು. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಟವೆಲ್. ಗಾಡಿಗೆ ಸ್ಟ್ಯಾಂಡ್ ಹಾಕಿ, ಬದುವಿನ ಮೇಲೆ ಸಾಲಾಗಿ ನಿಂತಿದ್ದ ಹೆಂಗಸರನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಎಲ್ಲರ ತಲೆಯ ಮೇಲೂ ಹಸಿರು ಜುಟ್ಟು. ರತ್ನ ತನ್ನದನ್ನು ಕಿತ್ತುಹಾಕಲು ಹೋಗಿ, ಹೇರ್‌ಪಿನ್ನಿಗೆ ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದಳು. ಅವರು ಒಂದು ಮಾತೂ ಆಡದೆ ಬೋಳು ಸಾಲುಗಳ ಮಧ್ಯೆ ನಡೆದು ಹೋಗಿ, ಹಾಗೆಯೇ ನಡೆದು ಬಂದರು.

"ಯಾರು ಕೊಯ್ದಿದ್ದು?"

ಕೊನೆಗೆ ವಿಮಲಕ್ಕನೇ, ಅಧ್ಯಕ್ಷೆಯ ದನಿ ಪೂರ್ತಿ ಇಳಿದು, "ಕೊಸರು ಅಂತ ತಗೊಂಡ್ವಿ ಯಜಮಾನ್ರೇ. ತಪ್ಪಾಯ್ತು," ಎಂದರು.

"ಕೊಸರು?"

"ಹೌದು. ಮುಡಿಯೋಕೆ."

ಚನ್ನಬಸಪ್ಪನವರು ಬದುವಿನ ಮೇಲೆ ಕೂತರು. ಟವೆಲಿನಿಂದ ಮುಖ ಒರೆಸಿಕೊಂಡರು. ಅಳುತ್ತಿದ್ದಾರೋ ನಗುತ್ತಿದ್ದಾರೋ ಟವೆಲಿನ ಹಿಂದೆ ತಿಳಿಯಲಿಲ್ಲ. ಟವೆಲ್ ಇಳಿಸಿದಾಗ ನಗುತ್ತಿದ್ದರು.

"ಕಬ್ಬು ಬೆಳೆದೆ, ರಸ್ತೇಲಿ ಹೋಗೋ ಹುಡುಗ್ರೆಲ್ಲ ಮುರ್ಕೊಂಡು ಹೋದ್ರು. ಮಾವು ಇಟ್ಟೆ, ಮಂಗ ಬಂತು. ಜೋಳಕ್ಕೆ ಹಂದಿ, ಗಿಳಿ. ಈ ಕಡ್ಡಿಗೆ ಎರಡು ವರ್ಷದಲ್ಲಿ ಒಂದು ದನ ಬಾಯಿ ಹಾಕ್ಲಿಲ್ಲ, ಒಬ್ಬ ಕಳ್ಳ ಬೇಲಿ ದಾಟ್ಲಿಲ್ಲ. ಯಾರೂ ಕದೀದೇ ಇರೋದು ಎಂಥ ಬೆಳೆ, ಹೇಳಿ? ಅದಕ್ಕೇ ನಾನು ಬೇಡ ಅಂತಿದ್ದೆ." ಸೊಸೆಯ ಕಡೆ ತಿರುಗಿದರು. "ಶಿವಮೊಗ್ಗದಿಂದ ಗಾಡಿ ಮಾಡ್ಕೊಂಡು, ರೇಷ್ಮೆ ಸೀರೆ ಉಟ್ಕೊಂಡು ಬಂದು ಹೊತ್ಕೊಂಡು ಹೋಗ್ತಾರೆ ಅಂದ್ರೆ, ಇರ್ಲಿ ಬಿಡಮ್ಮ. ಇದೂ ಒಂದು ಬೆಳೆನೇ."

ಗಿರಿಜಾ ಕೈಯಲ್ಲಿದ್ದ ಗಿಡವನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದಳು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಉರಿಯೇ ಜಾಸ್ತಿಯಾಯಿತು. ಎರಡು ವರ್ಷ ಉಸಿರು ಹಿಡಿದು ಬೆಳೆಸಿದವಳ ಶ್ರದ್ಧೆಗೆ ಇಲ್ಲದ ಬೆಲೆ, ಬುದ್ಧಿಯಿಲ್ಲದವರು ದೋಚಿದ್ದಕ್ಕೆ ಬಂತಲ್ಲ! ರತ್ನಳ ಮುಖದಲ್ಲಿ ಆಗಲೇ ತಾನೇನೋ ಉಪಕಾರ ಮಾಡಿದ ಕಳೆ.

"ಆದ್ರೆ ಕಾಯೋರಿಲ್ದೆ ಬೆಳೆ ಇಲ್ಲ," ಎಂದು ಚನ್ನಬಸಪ್ಪನವರು ನನ್ನತ್ತ ನೋಡಿದರು. "ಆ ಪೀಪಿ ಊದಿದ್ದು ತಾವೇನಾ? ಮೇನ್ ರೋಡ್‌ವರೆಗೂ ಕೇಳ್ತು. ಪೊಲೀಸ್ ಬಂದ್ರು ಅಂದ್ಕೊಂಡೆ. ಜನ ಕೊಯ್ಯೋಕೆ ಬರೋ ಭಾನುವಾರ ತಾವು ಬಂದು ನಿಂತ್ಕೊಳ್ಳೋದಾದ್ರೆ ಹೊಲ ಹೀಗೇ ಇರುತ್ತೆ. ಇಲ್ಲ ಅಂದ್ರೆ ಮುಂದಿನ ವಾರಕ್ಕೆ ಕಡ್ಡಿನೂ ಇರಲ್ಲ, ಬೇಲಿನೂ ಇರಲ್ಲ."

ನನ್ನ ಭಾನುವಾರಕ್ಕೆ ಒಂದು ಕ್ರಮವಿದೆ. ಎಣ್ಣೆಸ್ನಾನ, ಕಪಾಟು ಒರೆಸುವುದು, ವಾರದ ಇಸ್ತ್ರಿ, ಮಧ್ಯಾಹ್ನ ಒಂದು ಗಂಟೆ ನಿದ್ದೆ. ನಿವೃತ್ತಿಯಾದಾಗಿನಿಂದ ತಪ್ಪಿದ್ದಿಲ್ಲ. ತಪ್ಪು ಮಾಡಿದವರಿಗೆ ಕ್ಷಮೆ, ಸೀಟಿ ಊದಿದವಳಿಗೆ ಶಿಕ್ಷೆ. ಇದ್ಯಾವ ನ್ಯಾಯ ಎಂದು ಕೇಳಲು ಬಾಯಿ ತೆರೆದೆ. ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ಕೊನೆಯ ಸುತ್ತಿಗೆ ಗಂಟೆ ಬಾರಿಸಿದಾಗ ಅವಳು ಹೀಗೆಯೇ ಒಮ್ಮೆ ನನ್ನ ಕಡೆ ನೋಡಿ ಓಡುತ್ತಿದ್ದಳು.

"ಬರ್ತೀನಿ," ಎಂದೆ.

ಆ ದಿನದ ಕಿರಿಕಿರಿ ಅಲ್ಲಿಗೂ ಮುಗಿಯಲಿಲ್ಲ. ಮಿಕ್ಕ ಸಾಲುಗಳಲ್ಲಿ ನಾನು ಪಕ್ಕದಲ್ಲೇ ನಿಂತು ಮೊಳಕೆ ಕೊಯ್ಯಿಸಿದೆ. ಚನ್ನಬಸಪ್ಪನವರು ಪಲ್ಯ ತಿಂದು, "ಕಾಯಿ ಕಮ್ಮಿ ಆಯ್ತು," ಎಂದರು. ಡಬ್ಬಿ ಮಾತ್ರ ಖಾಲಿಯಾಗಿತ್ತು. ಕೊಯ್ದ ಹಸಿರನ್ನು ಏನು ಮಾಡುವುದು, ಬಿಸಾಡಿದರೆ ಇನ್ನೂ ಪಾಪವೆಂದು ಎಲ್ಲವೂ ಮೆಟಡೋರಿನಲ್ಲಿ ನಮ್ಮ ಜೊತೆಗೇ ಬಂತು. ಸಂಜೆ ವೇದಿಕೆಯ ತುಂಬ ಅದೇ. ಮುಖ್ಯ ಅತಿಥಿಯಾಗಿ ಬಂದಿದ್ದವರು ಮೈಕಿನಲ್ಲಿ, "ಇಂಥ ಅಲಂಕಾರ ನಾನು ಎಲ್ಲೂ ನೋಡಿಲ್ಲ," ಎಂದು ಹೊಗಳಿದರು. ರತ್ನಳಿಗೆ ಎದ್ದು ನಿಲ್ಲಲು ಹೇಳಿ ಚಪ್ಪಾಳೆ ಹೊಡೆಸಿದರು. ನಾನು ಮುಂದಿನ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತಿದ್ದೆ. ಮರುದಿನ ಬೆಳಿಗ್ಗೆ ವಿಮಲಕ್ಕ ಫೋನ್ ಮಾಡಿ, "ಹುಳಿಗೆ ಹಾಕ್ದೆ ಟೀಚರೇ. ಇದನ್ನ ನುಗ್ಗೇಕಾಯಿ ಥರ ಅಗಿದು ಉಗಿಯೋದಾ, ನುಂಗೋದಾ? ನಮ್ಮನೇವ್ರು ಉಗೀತಾ ಕೂತಿದಾರೆ," ಎಂದು ಕೇಳಿದರು.

ಆ ಬೇಸಿಗೆಯವರೆಗೆ ಭಾನುವಾರಗಳಂದು ಮೊದಲ ಬಸ್ಸಿಗೆ ಹೊಳೆಹೊನ್ನೂರಿಗೆ ಹೋದೆ. ಜನ ಬರತೊಡಗಿದರು, ಭದ್ರಾವತಿಯಿಂದಲೂ ಬಂದರು. ಬಂದವರಲ್ಲಿ ಅರ್ಧ ಜನ ಮೊದಲು ಕೈ ಹಾಕುತ್ತಿದ್ದದ್ದು ಆ ಹಸಿರು ಗರಿಗೇ. ಸೀಟಿಗೆ ಬಿಡುವೇ ಇರಲಿಲ್ಲ. ಬೋಳಾಗಿದ್ದ ಎರಡು ಸಾಲುಗಳಲ್ಲಿ ಮೊಳಕೆಗಳು ನಿಧಾನವಾಗಿ ಕವಲೊಡೆದು, ಗರಿ ಬಿಚ್ಚಿ, ಮಿಕ್ಕ ಸಾಲುಗಳ ಎತ್ತರಕ್ಕೆ ಬಂದವು. ಗಿರಿಜಾ ಆ ಎರಡು ಸಾಲಿನ ತುದಿಗೆ ಹಳೆಯ ಸೀರೆಯ ಕೆಂಪು ಅಂಚು ಕಟ್ಟಿದ್ದಳು.

ಒಂದು ಭಾನುವಾರ ರತ್ನ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಳು. ಹೊಸಬರ ಗುಂಪಿನಲ್ಲಿ ಒಬ್ಬರು, ನಾನು ಸೀಟಿ ಬಾಯಿಗಿಡುವ ಮುಂಚೆಯೇ, ಗರಿಗೆ ಚಾಕು ಹಿಡಿದಿದ್ದರು. ರತ್ನ ಸೊಂಟಕ್ಕೆ ಕೈಯಿಟ್ಟು ಕೂಗಿದಳು:

"ರೀ, ಬಿಡ್ರೀ ಅದನ್ನ! ತಾಯಿ ಕಣ್ರೀ ಅದು! ಓದಿದೋರ ಥರ ಕಾಣ್ತೀರಾ, ಅಷ್ಟೂ ಗೊತ್ತಾಗಲ್ವಾ?"

ಹುಟ್ಟಿದಾಗಿನಿಂದ ಆಸ್ಪರಾಗಸ್ ಬೆಳೆದವಳ ದನಿ. ನಾನು ಸೀಟಿಯನ್ನು ಬಾಯಿಂದ ತೆಗೆದು ಅವಳನ್ನೇ ನೋಡಿದೆ. ಅವಳು ನನ್ನ ಕಡೆ ತಿರುಗಿ, "ಎಂಥ ಜನಾನೋ ಟೀಚರ್, ಹೇಳಿದ್ದು ಕಿವಿಗೇ ಹಾಕ್ಕೊಳ್ಳಲ್ಲ," ಎಂದು ನಿಟ್ಟುಸಿರು ಬಿಟ್ಟಳು. ಸಾಲಿನ ಆಚೆ ಗಿರಿಜಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ಹೊಲದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ನನಗೆ ನಗು ಬರಲಿಲ್ಲ. ಈಗಲೂ ಬರುವುದಿಲ್ಲ. ಮದುವೆ ಮನೆಗಳಲ್ಲಿ ಯಾರದಾದರೂ ಜಡೆಯಲ್ಲಿ ಗುಲಾಬಿಯ ಹಿಂದೆ ಆ ಹಸಿರು ಗರಿ ಕಂಡರೆ ಕೈ ತಾನಾಗಿಯೇ ಚೀಲದೊಳಗೆ ಹೋಗುತ್ತದೆ. ಅದು ಅಲಂಕಾರಕ್ಕೆಂದೇ ಬೆಳೆದ ಬೇರೆ ಜಾತಿಯದೆಂದು ಗಿರಿಜಾ ಎಷ್ಟೋ ಸಲ ಹೇಳಿದ್ದಾಳೆ. ಇರಬಹುದು. ಕೈಗೆ ಅದು ಗೊತ್ತಿಲ್ಲ.